ನನ್ನ ಕೂಗು, ಅವನ ಫೌಲ್

ನಮ್ಮ ಮನೆಯಲ್ಲಿ ಎಲ್ಲರದೂ ಗಟ್ಟಿ ಗಂಟಲು. ಅಪ್ಪ ತರಕಾರಿ ಮಾರುಕಟ್ಟೆಯಲ್ಲಿ ಈರುಳ್ಳಿ ದರ ಕೂಗಿದರೆ ಆ ತುದಿಯ ಗಿರಾಕಿಯೂ ತಿರುಗಿ ನೋಡುತ್ತಿದ್ದ. ಆ ಗಂಟಲನ್ನು ನಾನು ಬಾಸ್ಕೆಟ್‌ಬಾಲ್ ಅಂಗಳಕ್ಕೆ ಒಯ್ದೆ. ಜಿಗಿತ ಸಾಧಾರಣ, ಓಟ ಅದಕ್ಕೂ ಕಡಿಮೆ. 38 ದಾಟಿದವನನ್ನು ತಂಡದಲ್ಲಿ ಇಟ್ಟುಕೊಂಡದ್ದೇ ಕೂಗಲಿಕ್ಕೆ. ‘ಸ್ಕ್ರೀನ್ ಎಡಕ್ಕೆ’, ‘ಹಿಂದೆ ಒಬ್ಬನಿದ್ದಾನೆ’, ಚೆಂಡು ಎದುರಾಳಿಯ ಕೈ ಬಿಟ್ಟೊಡನೆ ರಿಬೌಂಡಿಗೆ, ಅಂದರೆ ಗುರಿ ತಪ್ಪಿ ಪುಟಿದು ಬರುವ ಚೆಂಡಿಗೆ, ನಮ್ಮವರನ್ನು ಎಬ್ಬಿಸಲು ‘ಶಾಟ್!’. ಇದಕ್ಕೆಲ್ಲ ಯಾರ ಅಡ್ಡಿಯೂ ಇಲ್ಲ. ಎದುರಾಳಿಯ ಕಿವಿಗೆಂದೇ ಕೂಗಿದಾಗ ತಕರಾರು.

ಕಲಬುರಗಿಯ ಮಾರ್ಚ್ ತಿಂಗಳು. ಸಂಜೆ ಐದಾದರೂ ಸಿಮೆಂಟ್ ಅಂಗಳ ರೊಟ್ಟಿ ಹಂಚಿನಂತೆ ಕಾದಿತ್ತು, ಶೂಗಳೊಳಗೆ ಬೆರಳುಗಳು ಬೇಯುತ್ತಿದ್ದವು. ಎರಡನೆಯ ಕ್ವಾರ್ಟರ್‌ನಲ್ಲಿ ಅವರ ಎತ್ತರದ ಹುಡುಗ ಮೊಣಕೈ ಎತ್ತಿ ಗುರಿ ಹಿಡಿದ. ನಾನು ಗೇಣು ದೂರದಲ್ಲಿ ನಿಂತು ಕಾಲು ಅಪ್ಪಳಿಸಿ ‘ಹೋಯ್!’ ಎಂದು ಅಬ್ಬರಿಸಿದೆ. ಅವನ ರೆಪ್ಪೆ ಪಟಪಟನೆ ಬಡಿದದ್ದು ಕಂಡಿತು. ಆದರೂ ಚೆಂಡು ರಿಂಗ್ ಸೋಕದೆ ಬಲೆಯೊಳಗೆ ಜಾರಿತು.

ರೆಫರಿ ನನ್ನನ್ನು ಕರೆದು ಎಚ್ಚರಿಸಿದರು, ನಮ್ಮ ಕೋಚ್‌ಗೂ ತಿಳಿಸಿದರು. ಅಷ್ಟೇ. ಶೂಟ್ ಮಾಡುವವನ ಹತ್ತಿರ ಜೋರಾಗಿ ಕೂಗುವುದು, ಕಾಲು ಅಪ್ಪಳಿಸುವುದು, ಚಪ್ಪಾಳೆ ತಟ್ಟುವುದು, ಕಣ್ಣಿಗೆ ಅಡ್ಡವಾಗಿ ಕೈ ಆಡಿಸುವುದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ನಿಯಮದಲ್ಲಿ ಸಲ್ಲದು. ಗುರಿ ತಪ್ಪಿದರೆ ಟೆಕ್ನಿಕಲ್ ಫೌಲ್, ಅಂದರೆ ಮೈ ತಾಗದಿದ್ದರೂ ನಡತೆಗೆ ಬೀಳುವ ದಂಡ. ಚೆಂಡು ಬುಟ್ಟಿಗೆ ಬಿದ್ದರೆ ಮೊದಲ ಸಲಕ್ಕೆ ಎಚ್ಚರಿಕೆ ಮಾತ್ರ. ಮನೆಯ ಬೀಗ ಗಟ್ಟಿಯಿತ್ತೆಂದು ಕಳ್ಳನನ್ನು ಬಿಟ್ಟುಕಳಿಸಿದ ಹಾಗೆ! ನನಗಂತೂ ಆ ಹುಡುಗನ ಗುರಿಯೇ ವಕೀಲನಾಯಿತು.

ವಿರಾಮದಲ್ಲಿ ಕೋಚ್ ಈ ವಿಷಯವನ್ನು ಉಳಿದವರಿಗೆ ಹೇಳಲು ಮರೆತರು. ನಾನು ಬೇಕೆಂದೇ ಹೇಳಲಿಲ್ಲ.

ನಮ್ಮಲ್ಲಿ ಪಿಯುಸಿ ಓದುವ ಹುಡುಗನೊಬ್ಬನಿದ್ದ. ನಾನು ಬೆವರು ಒರೆಸಿಕೊಳ್ಳುವ ರೀತಿಯನ್ನೂ ಅನುಕರಿಸುವವನು. ಕೊನೆಯ ಕ್ವಾರ್ಟರ್‌ನಲ್ಲಿ ಅದೇ ಎತ್ತರದವನು ಶೂಟ್ ಮಾಡುವಾಗ ಇವನು ಮುಖದ ಬಳಿಯೇ ಚಟ್ಟನೆ ಚಪ್ಪಾಳೆ ತಟ್ಟಿದ. ಚೆಂಡು ಈ ಸಲವೂ ಒಳಗೆ. ಇವನು ಗೆದ್ದವನಂತೆ ನನ್ನತ್ತ ನೋಡಿ ನಕ್ಕ. ಅಷ್ಟರಲ್ಲಿ ಸೀಟಿ ಊದಿತು, ರೆಫರಿಯ ಅಂಗೈಗಳು ‘ಟಿ’ ಅಕ್ಷರವಾದವು.

‘ಅಣ್ಣಾ, ನಿಮಗೆ ಬರೀ ಮಾತು, ನನಗೆ ಫೌಲೇ?’

ಎಚ್ಚರಿಕೆ ನನ್ನೊಬ್ಬನಿಗಲ್ಲ, ಇಡೀ ತಂಡಕ್ಕೆ. ಒಮ್ಮೆ ಕೊಟ್ಟ ಮೇಲೆ ಅದೇ ತಪ್ಪನ್ನು ಯಾರು ಮಾಡಿದರೂ, ಚೆಂಡು ಬಿದ್ದರೂ ಟೆಕ್ನಿಕಲ್ಲೇ. ಇದನ್ನು ಅವನಿಗೆ ಬಿಡಿಸಿ ಹೇಳುವಾಗ ನನ್ನ ಗಟ್ಟಿ ಗಂಟಲು ಪಿಸುಮಾತಿಗೆ ಇಳಿದಿತ್ತು. ಅವರಿಗೆ ಒಂದು ಫ್ರೀ ಥ್ರೋ ಸಿಕ್ಕಿತು, ಅದೂ ಬಿತ್ತು. ಆ ಒಂದೇ ಅಂಕದಿಂದ ಸೋತೆವೆಂದು ಬರೆದರೆ ಕಥೆ ರಂಗೇರುತ್ತಿತ್ತು. ನಾವು ಸೋತದ್ದು 11 ಅಂಕಗಳಿಂದ.

ಹೊರಗೆ ಬಂಡಿಯ ಬಳಿ ಅವನಿಗೆ ಸೂಸಲ, ಮಿರ್ಚಿ ಭಜಿ ಕೊಡಿಸಿದೆ. ಎರಡನೆಯ ಮಿರ್ಚಿಯ ತೊಟ್ಟು ಕಿತ್ತು ಎಸೆಯುತ್ತಾ ಅವನು ಹೇಳಿದ: ‘ಮುಂದಿನ ಸಲ ನೀವು ಕೂಗಿದ ಕೂಡಲೇ ನನಗೊಂದು ಮಾತು ಹೇಳಿಬಿಡಿ ಅಣ್ಣಾ.’