ಪೆಪ್ಪರಮೆಂಟಿನ ಭರಣಿ

ನಮ್ಮ ಓಣಿಯ ನಳಕ್ಕೆ ಆಗ ವಾರಕ್ಕೊಮ್ಮೆ ನೀರು. ಅಕ್ಕಿ ತೊಳೆದ ನೀರು ಎಮ್ಮೆಗೆ, ಪಾತ್ರೆ ತೊಳೆದದ್ದು ಬಾಳೆಗಿಡಕ್ಕೆ. ಅವ್ವ ಒಂದು ತಂಬಿಗೆಯನ್ನೂ ಸುಮ್ನೆ ಚೆಲ್ಲುತ್ತಿರಲಿಲ್ಲ. ಇದಕ್ಕೂ ವಿಜ್ಞಾನದ ಪಾಠಕ್ಕೂ ನಂಟಿದೆ ಅಂತ ನನಗೆ ಹೊಳೆದದ್ದು 1998ರಲ್ಲಿ, ನಾನು ಓದಿದ ಈ ಶಾಲೆಯ ಒಂಬತ್ತನೇ ತರಗತಿಯಲ್ಲಿ.

ನಮ್ಮ ವಿಜ್ಞಾನದ ಸರ್ ಅಂಗಡಿಯಿಂದ ಪೆಪ್ಪರಮೆಂಟಿನ ದೊಡ್ಡ ಗಾಜಿನ ಭರಣಿ ತಂದಿದ್ದರು. ಅದಕ್ಕೆ ಮಣ್ಣು ತುಂಬಿ, ಬಾವಿಕಟ್ಟೆಯ ಪಾಚಿ, ಒಂದೆರಡು ಪುಟ್ಟ ಗಿಡ ನೆಟ್ಟು, ನೀರು ಚಿಮುಕಿಸಿ, ಮುಚ್ಚಳಕ್ಕೆ ಮೇಣ ಹಚ್ಚಿ ಕಿಟಕಿಯಲ್ಲಿಟ್ಟೆವು. ಗಿಡ ಚೆನ್ನಾಗಿ ಬರಲಿ ಅಂತ ಸಗಣಿ ಗೊಬ್ಬರ ಜಾಸ್ತಿಯೇ ಹಾಕಿದ್ದೆವು. ಮೂರು ವಾರಕ್ಕೆ ಎಲೆ ಹಳದಿಯಾಯಿತು. ಮಣ್ಣಿನ ಮೇಲೆಲ್ಲ ಬೂಸು.

ಸರ್ ಬೈಯಲಿಲ್ಲ. ಅಮೆರಿಕದ ಅರಿಜೋನಾದಲ್ಲಿರುವ ಬಯೋಸ್ಫಿಯರ್ 2ರ ಕಥೆ ಹೇಳಿದರು. 1991ರಲ್ಲಿ ಎಂಟು ಜನ ಒಂದು ಭಾರೀ ಗಾಜಿನ ಕಟ್ಟಡದೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಎರಡು ವರ್ಷ ಅಲ್ಲೇ ಬೆಳೆದು ಅಲ್ಲೇ ಉಣ್ಣಬೇಕು, ಅಲ್ಲಿನ ಗಾಳಿಯನ್ನೇ ಉಸಿರಾಡಬೇಕು. ಹದಿನಾರು ತಿಂಗಳಲ್ಲಿ ಆಮ್ಲಜನಕ ಶೇ. 20.9ರಿಂದ 14.5ಕ್ಕೆ ಇಳಿಯಿತು. ಕೊನೆಗೆ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಗೊಬ್ಬರ ಜಾಸ್ತಿಯಿದ್ದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟಿದ್ದವು. ಅದರಲ್ಲಿ ಬಹುಪಾಲು ಗಿಡಗಳಿಗೂ ಸಿಗದೆ ಕಟ್ಟಡದ ಕಾಂಕ್ರೀಟಿಗೆ ಸೇರಿಕೊಂಡಿತ್ತು. "ಇದರಾಗ ಹೊರಗ ಅನ್ನೂದು ಇಲ್ಲ ನೋಡ್ರಪಾ. ಹಾಕಿದ್ದೆಲ್ಲಾ ಒಳಗ ಇರ್ತದ" ಅಂದರು ಸರ್, ಭರಣಿಯ ಮೇಲೆ ಕೈಯಿಟ್ಟು.

ಈಗ ನಾನು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟುಗಳ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುತ್ತೇನೆ. ಕೊಳಚೆ ನೀರಿಗೆ ಗಾಳಿ ಊದಿ, ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸಿ, ತಿಳಿಯಾದ ನೀರನ್ನು ಶೌಚಾಲಯಕ್ಕೂ ತೋಟಕ್ಕೂ ಕೊಡುವ ಕೆಲಸ. ಒಮ್ಮೆ ಒಂದು ಕಡೆ ಯಾರೋ ಕ್ಯಾನುಗಟ್ಟಲೆ ಆ್ಯಸಿಡ್ ಚರಂಡಿಗೆ ಸುರಿದರು. ಬ್ಯಾಕ್ಟೀರಿಯಾಗಳೆಲ್ಲ ಸತ್ತವು, ಇಡೀ ಬೇಸ್‌ಮೆಂಟ್ ನಾರಿತು. ಮತ್ತೆ ಹೊಸದಾಗಿ ಅವನ್ನು ಬೆಳೆಸಲು ವಾರಗಳೇ ಹಿಡಿದವು. ಆ ರಾತ್ರಿಗಳಲ್ಲೇ ನಾನು, ನಮ್ಮ ಭರಣಿಯಂತೆಯೇ ಮುಚ್ಚಿದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ನೀರಿನ ಬಗ್ಗೆ ಓದಲು ಕೂತದ್ದು.

ಅಲ್ಲಿ ನೀರು ಶುದ್ಧ ಮಾಡುವ ಯಂತ್ರಗಳು 2008ರಲ್ಲಿ ಬಂದವು. ಬೆವರು, ಉಸಿರಿನ ತೇವ, ಮೂತ್ರ, ಎಲ್ಲವೂ ಕುಡಿಯುವ ನೀರಾಗುತ್ತದೆ. ಆದರೆ 2009ರಲ್ಲೇ ಮೂತ್ರ ಬಟ್ಟಿ ಇಳಿಸುವ ಯಂತ್ರ ಕಟ್ಟಿಕೊಂಡಿತು. ತೂಕವಿಲ್ಲದ ಕಡೆ ಮನುಷ್ಯರ ಮೂಳೆ ಸವೆಯುತ್ತದೆ, ಆ ಕ್ಯಾಲ್ಸಿಯಂ ಮೂತ್ರಕ್ಕೆ ಬರುತ್ತದೆ. ಮೂತ್ರ ಕೆಡದಿರಲೆಂದು ಬೆರೆಸುತ್ತಿದ್ದ ಸಲ್ಫ್ಯೂರಿಕ್ ಆಮ್ಲದ ಜೊತೆ ಅದು ಸೇರಿ ಜಿಪ್ಸಂ ಆಗಿ ಗಟ್ಟಿಯಾಗಿತ್ತು. ಮುಂದೆ ಫಾಸ್ಫರಿಕ್ ಆಮ್ಲಕ್ಕೆ ಬದಲಾಯಿಸಿದರು. ಬೋರ್‌ವೆಲ್ ನೀರಿನ ಗಡಸಿನಿಂದ ಪೈಪು ಕಟ್ಟುವುದನ್ನು ದಿನಾ ನೋಡುವ ನನಗೆ ಇದು ಪಕ್ಕದ ಮನೆಯ ಕಥೆಯಂತೆ ಅನ್ನಿಸಿತು. 2023ರ ಹೊತ್ತಿಗೆ ಅವರು ಶೇ. 98ರಷ್ಟು ನೀರನ್ನು ಮರಳಿ ಪಡೆದರು. ಅಲ್ಲಿ ಯಂತ್ರ ನೋಡುವವರೇ ಆ ನೀರು ಕುಡಿಯುವವರು. ನಮ್ಮ ಬೇಸ್‌ಮೆಂಟುಗಳಲ್ಲಿ ಇರುವ ದೊಡ್ಡ ಕೊರತೆ ಅದೇ ಅಂತ ನನ್ನ ಅನುಭವ.

ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಮೆಲಿಸ್ಸಾ ಯೋಜನೆ ನನಗೆ ಇನ್ನೂ ಹತ್ತಿರದ್ದು. 1989ರಲ್ಲಿ ಶುರುವಾದ ಅದು ಕೆರೆಯಿಂದ ಪಾಠ ಕಲಿತದ್ದು. ಕೆರೆಯಲ್ಲಿ ಕೊಳೆತದ್ದನ್ನು ಬ್ಯಾಕ್ಟೀರಿಯಾ ತಿನ್ನುತ್ತದೆ, ಅದು ಬಿಟ್ಟದ್ದು ಪಾಚಿಗೆ, ಗಿಡಕ್ಕೆ ಊಟ. ಅದನ್ನೇ ಐದು ಭಾಗ ಮಾಡಿ ಒಂದಕ್ಕೊಂದು ಜೋಡಿಸಿದ್ದಾರೆ. ಬಾರ್ಸಿಲೋನಾದ ಪ್ರಯೋಗಾಲಯದಲ್ಲಿ ಇಲಿಗಳು ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿ ಬಿಟ್ಟ ಆಮ್ಲಜನಕವನ್ನು ಉಸಿರಾಡುತ್ತವೆ. ಅಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಜಾತಿಯೇ ನನ್ನ ಟ್ಯಾಂಕಿನಲ್ಲೂ ಇದೆ! ಈ ಕೆಲಸ ನೆಲಕ್ಕೂ ಇಳಿದಿದೆ. ಅಂಟಾರ್ಕ್ಟಿಕಾದ ಕಾಂಕಾರ್ಡಿಯಾ ನೆಲೆಯಲ್ಲಿ ಸ್ನಾನದ, ಅಡುಗೆಮನೆಯ, ಬಟ್ಟೆ ಒಗೆದ ನೀರನ್ನು ಇದೇ ವಿದ್ಯೆಯಿಂದ ಸೋಸಿ ಮತ್ತೆ ಬಳಸುತ್ತಾರೆ.

2025ರಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ರೂಪಿಸಿದ ಪ್ರಯೋಗವೂ ಹೋಯಿತು. ಮೆಂತ್ಯ ಮತ್ತು ಹೆಸರುಕಾಳು ಅಲ್ಲಿ ಮೊಳಕೆಯೊಡೆದವು. ಸುದ್ದಿ ಓದಿದ ಕೂಡಲೇ ಸರ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿ ವರ್ಷಗಳಾಗಿವೆ, ಧ್ವನಿ ಮಾತ್ರ ಹಾಗೇ ಇದೆ. "ಮೊಳಕಿ ಬಂದದ್ದು ಛಲೋ ಆತು. ನೀರು ಎಷ್ಟ್ ಹಾಕಿದ್ರಂತ?" ಅಂತ ಕೇಳಿದರು.

ಕಳೆದ ಡಿಸೆಂಬರ್‌ನಲ್ಲಿ ಶಾಲೆಗೆ ಬಂದಿದ್ದೆ. ಬಿಸಿಯೂಟದ ನಂತರ ಮಕ್ಕಳು ತಟ್ಟೆ ತೊಳೆಯುತ್ತಿದ್ದರು. ನೀರೆಲ್ಲ ಗೋಡೆಯ ಪಕ್ಕದ ಗಟಾರಿಗೆ ಹೋಗುತ್ತಿತ್ತು. ಅಲ್ಲಿಂದ ಹತ್ತು ಹೆಜ್ಜೆಗೆ ಒಣಗಿದ ಹೂದೋಟ. ಮುಖ್ಯಗುರುಗಳ ಹತ್ತಿರ ಮಾತಾಡಿದ್ದೇನೆ. ಆ ನೀರನ್ನು ಸೋಸಿ ಹೂದೋಟಕ್ಕೆ ತಿರುಗಿಸಲು ಏಪ್ರಿಲ್ ರಜೆಯಲ್ಲಿ ಬರುತ್ತೇನೆ. ಜಿಡ್ಡು ತಡೆಯಲು ಒಂದು ಸಣ್ಣ ತೊಟ್ಟಿ, ಆಮೇಲೆ ಜಲ್ಲಿ ತುಂಬಿದ ಗುಂಡಿ, ಅದರ ಮೇಲೆ ಕ್ಯಾನಾ ಗಿಡ. ಜಲ್ಲಿ, ಪೈಪು ನಾನು ತರುತ್ತೇನೆ. ಒಂಬತ್ತನೇ ತರಗತಿಯವರು ಒಂದು ವಾರ ದಿನಾ ಎಷ್ಟು ಬಕೆಟ್ ನೀರು ಹೋಗುತ್ತದೆ ಅಂತ ಅಳೆದು ಬರೆದಿಡಲಿ. ಗುಂಡಿಯ ಅಳತೆ ಅದರ ಮೇಲೆಯೇ ಹಾಕಬೇಕು.