ಪೇಪರ್ ಮೇಷ್ಟ್ರ ಬೆನ್ನು

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಫೋನು ಬಂದಾಗ ನನಗೆ ಮೊದಲು ನೆನಪಾದದ್ದು ಶಾಲೆಯ ಹಿಂದಿದ್ದ ಸ್ಟೋರ್‌ರೂಮು. ಬಾಗಿಲು ತೆಗೆದರೆ ತೆಂಗಿನ ನಾರಿನ ಹಗ್ಗದ ವಾಸನೆ. ಮೂಲೆಯಲ್ಲಿ ಬಿದಿರಿನ ಕೋಲುಗಳು, ಮಸಿ ಹಿಡಿದ ಎರಡು ಪಾತ್ರೆ, ಮಡಚಿಟ್ಟ ಡೇರೆ. ಡೇರೆಯೊಳಗೆ ಇಲಿ ಮರಿ ಹಾಕಿತ್ತು.

1987ರಲ್ಲಿ ಆರನೇ ಕ್ಲಾಸಿಗೆ ಬಂದವನು ಸ್ಕೌಟಿಗೆ ಸೇರಿದೆ. ದೇಶಸೇವೆ ಗೀಶಸೇವೆ ಏನೂ ತಲೆಯಲ್ಲಿರಲಿಲ್ಲ. ಕೊರಳಿಗೆ ಸ್ಕಾರ್ಫು, ಜೇಬಿನಲ್ಲಿ ದಾರ ಕಟ್ಟಿದ ಸೀಟಿ ಸಿಗುತ್ತದೆ ಅಂತ ಅಷ್ಟೇ. ಮರುವರ್ಷ ಗರುಡ ಪ್ಯಾಟ್ರೋಲಿನ, ಅಂದರೆ ಹುಡುಗರ ಒಂದು ಸಣ್ಣ ತಂಡದ, ಲೀಡರ್ ಆದೆ. ಮನೆಗೆ ಓಡಿ ಬಂದು ಹೇಳಿದರೆ ಅಪ್ಪ, "ಪೆಟ್ರೋಲ್ ಬಂಕಲ್ಲಿ ನಿಂಗೇನ್ಲಾ ಕೆಲ್ಸ?" ಅಂದರು. ಅವರನ್ನು ಬೆರಗುಗೊಳಿಸಲೇಬೇಕು ಅಂತ ಹಗ್ಗ ತಂದು ಕಂಬಕ್ಕೆ ಕ್ಲೋವ್ ಹಿಚ್ ಅನ್ನುವ ಗಂಟು ಹಾಕಿ ತೋರಿಸಿದೆ. ಬೀಡಿ ಆರಿಸಿ ಬಗ್ಗಿ ನೋಡಿದವರು, "ಕರು ಕಟ್ಟೋ ಗಂಟು ಕಣ್ಲಾ ಇದು. ಇದ ಕಲಿಯಕ್ಕೆ ಇಸ್ಕೂಲ್ಗೋದ್ಯಾ?" ಅಂದುಬಿಟ್ಟರು. ಸುಳ್ಳಲ್ಲ, ನಮ್ಮ ಕೊಟ್ಟಿಗೆಯ ಗೂಟದಲ್ಲಿ ನಾನು ಹುಟ್ಟುವ ಮೊದಲಿಂದಲೂ ಅದೇ ಗಂಟು ಇತ್ತು.

ನಮ್ಮ ಸ್ಕೌಟ್ ಮೇಷ್ಟ್ರಿಗೆ ನಾವಿಟ್ಟ ಹೆಸರು ಪೇಪರ್ ಮೇಷ್ಟ್ರು. ಅವರಿಗೂ ಇದು ಗೊತ್ತಿತ್ತು ಅನ್ನಿಸುತ್ತದೆ. ಶಿಬಿರಕ್ಕೆ ಹೋದರೆ ಮರದ ಬುಡದಲ್ಲಿ ನಮಗೆ ಬೆನ್ನು ಹಾಕಿ ಕೂತು, ದಿನಪತ್ರಿಕೆ ಬಿಚ್ಚಿ, ಮುಖ ಮುಚ್ಚಿಕೊಂಡರೆ ಮುಗಿಯಿತು. ಪಕ್ಕದ ಶಾಲೆಯ ಮೇಷ್ಟ್ರು ತಾವೇ ಸೌಟು ಹಿಡಿದು ಹುಡುಗರಿಗೆ ಉಪ್ಪಿಟ್ಟು ಬಡಿಸುತ್ತಿದ್ದರು. ನಮ್ಮವರು ಸೋಮಾರಿ ಅಂತ ನಾವು ತೀರ್ಮಾನಿಸಿದ್ದೆವು.

1988ರಲ್ಲಿ ಕುಂತಿಬೆಟ್ಟಕ್ಕೆ ಹೋದೆವು. ಮಂಡ್ಯದಿಂದ ರೈಲು, ಪಾಂಡವಪುರದಲ್ಲಿ ಇಳಿದು ನಡಿಗೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದರಿಂದ ಆ ಊರಿಗೆ ಫ್ರೆಂಚ್ ರಾಕ್ಸ್ ಅಂತ ಇನ್ನೊಂದು ಹೆಸರಿತ್ತು ಎಂದು ದಾರಿಯಲ್ಲಿ ಹೇಳಿದ್ದೂ ಅವರೇ. ಆವತ್ತು ಅವರು ಆಡಿದ ಅತಿ ಉದ್ದದ ಮಾತು ಅದು. ಬೆಟ್ಟದ ಬುಡ ಮುಟ್ಟಿದ ಮೇಲೆ ಪೇಪರ್ರು, ಬೆನ್ನು.

ನಾವು ಮುದ್ದೆ ಮಾಡುವುದೆಂದು ಹಟ ಹಿಡಿದಿದ್ದೆವು. ಮಂಡ್ಯದ ಹುಡುಗರು, ದಿನಾ ತಿನ್ನುವ ಮುದ್ದೆ, ಬಾರದೆ ಏನು? ಕುದಿಯುವ ನೀರಿಗೆ ಹಿಟ್ಟನ್ನು ನಡುವೆ ಗುಡ್ಡೆ ಹಾಕಿ, ಕೋಲು ಊರಿ, ಕಲಕದೆ ಬೇಯಲು ಬಿಡಬೇಕು ಅನ್ನುವುದು ನಮ್ಮ ಏಳು ಜನರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ತಿನ್ನುವವನಿಗೆ ಯಾಕೆ ಗೊತ್ತಿರುತ್ತದೆ? ಹಾಕಿದ ಕೂಡಲೇ ತಿರುವಿದೆವು. ಹಿಟ್ಟಿನ ಕೋಲು ತರುವುದು ಮರೆತಿತ್ತು, ಹಾಗಾಗಿ ತಿರುವಿದ್ದು ಸ್ಕೌಟ್ ಕೋಲಿನಲ್ಲಿ. ಮರದ ಎತ್ತರ ಅಂದಾಜು ಮಾಡಲು ಅಡಿ, ಅಂಗುಲ ಗುರುತು ಹಾಕಿಕೊಂಡಿದ್ದ ಕೋಲು. ಕೆಳಗಿನ ಎರಡು ಅಡಿ ರಾಗಿಯಲ್ಲಿ ಮುಳುಗಿ ಹೋಯಿತು. ಪಾತ್ರೆಯ ತುಂಬ ಗೋಲಿ ಗಾತ್ರದ ಗಂಟು, ಒಡೆದರೆ ಒಳಗೆ ಒಣ ಹಿಟ್ಟು.

"ಸಾ, ಮುದ್ದೆ ಕೆಟ್ಟೋಯ್ತು ಸಾ."

"ಕೆಡಿಸ್ದೋರು ಯಾರು?"

"ನಾವೇ ಸಾ."

"ತಿನ್ನೋರು?"

ಅವರೂ ನಮ್ಮ ಜೊತೆ ಕೂತು ಅದನ್ನೇ ತಿಂದರು, ಗಂಟುಗಳನ್ನೂ ಬಿಡದೆ. ಇನ್ನೊಂದು ಸಂಗತಿ ನಡೆದದ್ದು ಅದಕ್ಕೂ ಮೊದಲು, ಒಲೆ ಉರಿಯುವಾಗ. ಒಬ್ಬನ ಸ್ಕಾರ್ಫಿನ ತುದಿ ಬೆಂಕಿಯ ಕಡೆ ಜೋತಿತ್ತು. ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಬೆನ್ನು ಹಾಕಿ ಕೂತಿದ್ದ ಮನುಷ್ಯ ಯಾವಾಗ ಎದ್ದರೋ, ಅವನ ಕಾಲರು ಹಿಡಿದು ಎರಡು ಹೆಜ್ಜೆ ಹಿಂದಕ್ಕೆಳೆದು, ಒಂದೂ ಮಾತಾಡದೆ ಮರದ ಬುಡಕ್ಕೆ ಹೋಗಿ ಪೇಪರ್ ಬಿಚ್ಚಿದರು. ಇದರ ಬಗ್ಗೆ ನಾನು ಯೋಚಿಸಿದ್ದು ಮೂವತ್ತೈದು ವರ್ಷ ಕಳೆದ ಮೇಲೆ.

ಸ್ಕೌಟಿನ ಮೆಟ್ಟಿಲುಗಳಲ್ಲಿ ತೃತೀಯ ಸೋಪಾನದ ತನಕ ಹೋದೆ. ಹತ್ತನೇ ಕ್ಲಾಸು ಬಂತು, ಅದರ ಮುಂದಿನ ಮೆಟ್ಟಿಲು ರಾಜ್ಯ ಪುರಸ್ಕಾರ ಕೈಬಿಟ್ಟೆ. ಆಮೇಲೆ ಕಾಲೇಜು, ಕೆಲಸ, ಮದುವೆ, ಮೈಸೂರಿನಲ್ಲಿ ಮನೆ.

2017ರ ಹೊಸ ವರ್ಷದ ದಿನ ನಂಜನಗೂಡು ರಸ್ತೆಯ ಅಡಕನಹಳ್ಳಿಯಲ್ಲಿ ಹದಿನೇಳನೇ ರಾಷ್ಟ್ರೀಯ ಜಾಂಬೂರಿ, ಅಂದರೆ ಸ್ಕೌಟು ಗೈಡುಗಳ ದೊಡ್ಡ ಮೇಳ, ನಡೆಯುತ್ತಿತ್ತು. ಮೂರು ವರ್ಷದ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದೆ. ಮಕ್ಕಳು ಬಿದಿರು, ಹಗ್ಗದಲ್ಲೇ ಕಟ್ಟಿದ ಹೆಬ್ಬಾಗಿಲುಗಳು. ಒಂದರ ಕೆಳಗೆ ನಿಂತು ಬಿಗಿತಗಳನ್ನು ನೋಡಿದೆ. ಹೆಚ್ಚಿನವು ಶುರುವಾಗುವುದು, ಮುಗಿಯುವುದು ಕರು ಕಟ್ಟೋ ಗಂಟಿನಲ್ಲೇ. ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು.

ಮಗ ತನ್ನ ಶಾಲೆಯ ಸ್ಕೌಟಿಗೆ ಸೇರಿದ್ದು ಅವನಿಗೆ ಹತ್ತು ತುಂಬಿದಾಗ. ಶಿಬಿರಕ್ಕೆ ದೊಡ್ಡವರು ಸಾಲದು, ಪೋಷಕರು ಯಾರಾದರೂ ಬರುತ್ತೀರಾ ಎಂದು ಕೇಳಿದರು. ಎದ್ದು ನಿಂತೆ. ಅಲ್ಲಿಯ ಸ್ಕೌಟ್ ಮಾಸ್ಟರ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಸ್ಕೌಟಿನಲ್ಲಿ ಕೈಕುಲುಕುವುದು ಎಡಗೈಯಲ್ಲಿ. ಅವರು ಎಡಗೈ ಚಾಚಿದರು, ನನ್ನ ಎಡಗೈಯೂ ಯೋಚಿಸದೆ ಮುಂದೆ ಹೋಯಿತು. ಎಡಗೈಯಲ್ಲಿ ಒಂದು ಲೋಟ ನೀರು ಕೊಟ್ಟರೂ ಬೈಯುತ್ತಿದ್ದ ಅಜ್ಜಿಯ ಮೊಮ್ಮಗ ನಾನು.

ಸರಿಯಾಗಿಯೇ ಕಲಿಯಿರಿ ಎಂದು ದೊಡ್ಡಬಳ್ಳಾಪುರದ ಸ್ಕೌಟ್ ತರಬೇತಿ ಕೇಂದ್ರ ಆನಿ ಬೆಸೆಂಟ್ ಪಾರ್ಕಿಗೆ, ಸ್ಕೌಟ್ ಮಾಸ್ಟರುಗಳ ಬೇಸಿಕ್ ಕೋರ್ಸಿಗೆ ಕಳಿಸಿದರು. ನಲವತ್ತೇಳು ವರ್ಷದವನು ಮತ್ತೆ ಪ್ಯಾಟ್ರೋಲಿನಲ್ಲಿ ಒಬ್ಬ. ಮಂಡಿ ನೋವಿನ ಪುರಾಣ ಬೇಡ. 1907ರಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ 20 ಹುಡುಗರನ್ನು ಕರೆದುಕೊಂಡು ಹೋಗಿ, ನಾಲ್ಕು ಪ್ಯಾಟ್ರೋಲ್ ಮಾಡಿ, ಮುಂದಾಳುತನವನ್ನು ಹುಡುಗರ ಕೈಗೇ ಕೊಟ್ಟದ್ದನ್ನು ಅಲ್ಲಿ ಒಬ್ಬರು ವಿವರಿಸುತ್ತಿದ್ದರು. ನಾನು ಟಿಪ್ಪಣಿ ಬರೆಯುವುದು ಬಿಟ್ಟೆ. ನನ್ನ ಕಣ್ಣ ಮುಂದೆ ಇದ್ದದ್ದು ಬ್ರೌನ್‌ಸೀ ಅಲ್ಲ, ಒಂದು ಮರದ ಬುಡ.

ಅಷ್ಟು ಹೊತ್ತಿಗೆ ಎಲ್ಲ ಅರ್ಥವಾಯಿತು ಅಂದುಕೊಂಡಿದ್ದೆ. ಇಲ್ಲ. ಕಳೆದ ಚಳಿಗಾಲ ಶಾಲೆಯ ಮೈದಾನದಲ್ಲೇ ಒಂದು ರಾತ್ರಿಯ ಶಿಬಿರವಿತ್ತು. ಹುಡುಗರು ಚಿತ್ರಾನ್ನಕ್ಕೆ ಅನ್ನ ಇಟ್ಟಿದ್ದರು. ನೀರು ಹೆಚ್ಚಾಯಿತು ಎಂದು ನಾನು ಹೋದೆ. ಉರಿ ಜಾಸ್ತಿ ಎಂದು ಹೋದೆ. ಮೂರನೇ ಸಲ ಮಗನ ಕೈಯಿಂದ ಸೌಟನ್ನೇ ಕಿತ್ತುಕೊಂಡೆ. ಹುಡುಗರೆಲ್ಲ ಸುಮ್ಮನೆ ನಿಂತು ನೋಡಿದರು, ಟಿವಿ ನೋಡುವ ಹಾಗೆ. ಸ್ಕೌಟ್ ಮಾಸ್ಟರ್ ಬಂದು ಮೆಲ್ಲಗೆ, "ಸರ್, ಒಂಚೂರು ಆ ಕಡೆ ತಿರುಗಿ ಕೂತ್ಕೋತೀರಾ?" ಅಂದರು.

ಕೂತೆ. ಜಗಲಿ ಮೇಲೆ, ಒಲೆಗೆ ಬೆನ್ನು ಹಾಕಿ. ಹಿಂದೆ ಜಗಳ, ನಗು, ಏನೋ ಉರುಳಿದ ಸದ್ದು. ಸದ್ದನ್ನು ತಡೆದುಕೊಳ್ಳಬಹುದು, ಸದ್ದು ನಿಂತಾಗ ಮಾತ್ರ ಕತ್ತು ತಾನಾಗಿ ತಿರುಗುತ್ತದೆ. ಆಮೇಲೆ ಸೀದ ವಾಸನೆ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ತಾಯಿ, ಊಟ ಆಯ್ತಾ ಸರ್, ನಮ್ಮವನಿಗೆ ಬಿಸಿ ಇಲ್ಲದಿದ್ದರೆ ಸೇರಲ್ಲ ಎಂದು ಕೇಳಿದ್ದರು. ಬಿಸಿಗೇನೂ ಕೊರತೆ ಇಲ್ಲ ಎಂದು ಉತ್ತರ ಹಾಕಿದೆ.

ಮಗ ತಟ್ಟೆ ತಂದು, "ಅಪ್ಪ... ಸರ್, ತಳದ್ದು ಬಿಟ್ಟು ಹಾಕಿದೀವಿ" ಅಂದ. ಉಪ್ಪೂ ಇರಲಿಲ್ಲ.

ಬೆಳಿಗ್ಗೆ ಆರಕ್ಕೆ ಗೇಟಿನ ಹೊರಗೆ ಹೋಗಿ ಒಂದು ಪೇಪರ್ ಕೊಂಡುಕೊಂಡೆ. ಹುಡುಗರು ನಲ್ಲಿ ಹತ್ತಿರ ಕೂತು ತೆಂಗಿನ ನಾರು, ಬೂದಿ ಹಾಕಿ ಪಾತ್ರೆಯ ತಳ ಉಜ್ಜುತ್ತಿದ್ದರು. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾನು ಪೇಪರ್ ಹಿಡಿದು ಕೂತಿದ್ದೆ. ಅದರಲ್ಲಿ ಏನು ಸುದ್ದಿ ಇತ್ತು ಅಂತ ಮಾತ್ರ ಕೇಳಬೇಡಿ.