ಹನ್ನೆರಡರಲ್ಲಿ ಎರಡು ಜಾಗ ಎಂಟನೇ ಕ್ಲಾಸಿಗೆ

ಹೈಸ್ಕೂಲ್ ತಂಡದ ಆಯುಸ್ಸು ಒಂದೇ ವರ್ಷ. ಕ್ಲಬ್ಬಿನವರಿಗೆ ಒಳ್ಳೆಯ ಆಟಗಾರ್ತಿ ಸಿಕ್ಕರೆ ಹತ್ತು ವರ್ಷ ಉಳಿಸಿಕೊಳ್ಳಬಹುದು. ನಮಗೆ ಆ ಭಾಗ್ಯ ಇಲ್ಲ. ಎಂಟರಲ್ಲಿ ಬರುತ್ತಾರೆ, ಒಂಬತ್ತರಲ್ಲಿ ಕೈ ಕುದುರುತ್ತದೆ, ಹತ್ತರಲ್ಲಿ ಇಡೀ ಅಂಗಳ ಅವರದ್ದೇ ಆಗಿರುತ್ತದೆ, ಪರೀಕ್ಷೆ ಬರೆದು ಹೊರಟೇ ಹೋಗುತ್ತಾರೆ. ಕಪ್ ಗೆದ್ದ ತಂಡವನ್ನೇ ಮರುವರ್ಷ ಮೊದಲ ಸುತ್ತಿನಲ್ಲಿ ಯಾರೋ ಸೋಲಿಸಿದರೆ ಜನ ‘ಏನಾಯ್ತು ಇವರಿಗೆ?’ ಅನ್ನುತ್ತಾರೆ. ಏನೂ ಆಗಿರುವುದಿಲ್ಲ. ಗೆದ್ದ ತಂಡ ಈಗ ಇಲ್ಲ, ಅಷ್ಟೇ. ಜರ್ಸಿ ಮಾತ್ರ ಅದೇ.

ದೈಹಿಕ ಶಿಕ್ಷಕಿಯಾಗಿ ಇಷ್ಟು ವರ್ಷ ಇದನ್ನೇ ನೋಡುತ್ತಾ ಬಂದು ನಾನೊಂದು ಪದ್ಧತಿ ಇಟ್ಟುಕೊಂಡಿದ್ದೇನೆ. ನಮ್ಮ ಹುಡುಗಿಯರ ವಾಲಿಬಾಲ್ ತಂಡದ ಪಟ್ಟಿಯಲ್ಲಿ ಹನ್ನೆರಡು ಹೆಸರು. ಅದರಲ್ಲಿ ಎರಡು ಎಂಟನೇ ಕ್ಲಾಸಿಗೆ ಮೀಸಲು. ಅವರಿಬ್ಬರಿಗಿಂತ ಚೆನ್ನಾಗಿ ಆಡುವ ಹತ್ತನೇ ಕ್ಲಾಸಿನವರು ಹೊರಗೆ ಉಳಿದರೂ ಸರಿಯೇ.

ಪ್ರತಿ ಸೀಸನ್ ಶುರುವಾಗುವಾಗ ಇದರ ಮೇಲೆ ವಾದ ಆಗುತ್ತದೆ. ಈ ಸಲ ಒಬ್ಬ ತಂದೆ ಬಂದಿದ್ದರು. ಜಗಳಕ್ಕೆ ಬಂದವರಲ್ಲ, ತುಂಬಾ ಮರ್ಯಾದೆಯಿಂದಲೇ ಕೇಳಿದರು. “ನನ್ನ ಮಗಳಿಗೆ ಇದೇ ಕೊನೇ ವರ್ಷ ಮೇಡಂ. ಆ ಚಿಕ್ಕ ಹುಡುಗಿಗೆ ಇನ್ನೂ ಎರಡು ವರ್ಷ ಇದೆಯಲ್ಲ?” ಮಾತು ನ್ಯಾಯವಾದದ್ದೇ. ನಾನು ಅವರಿಗೆ ಹೇಳಿದ್ದಿಷ್ಟು: “ಆ ಎರಡು ವರ್ಷದಲ್ಲಿ ಅವಳಿಗೆ ಹೇಳಿಕೊಡೋಕೆ ನಿಮ್ಮ ಮಗಳಂಥವರು ಇಲ್ಲಿ ಇರೋದಿಲ್ಲ ಸರ್. ಈಗ ಇದ್ದಾರೆ.” ಅವರು ಪೂರ್ತಿ ಒಪ್ಪಲಿಲ್ಲ. ಅವರ ಮಗಳು ರಿಲೇ ತಂಡಕ್ಕೆ ಬಂದಳು, ಆ ಕಥೆ ಆಮೇಲೆ ಹೇಳುತ್ತೇನೆ.

ಬೆಂಚಿನ ಮೇಲೆ ಕೂತು ಚಿಕ್ಕವರು ಏನು ಕಲಿಯುತ್ತಾರೆ ಅಂತ ಕೇಳುವವರಿಗೆ ವಾಲಿಬಾಲ್ ಒಳ್ಳೆಯ ಉತ್ತರ. ಎದುರಾಳಿಯ ಕೈಯಿಂದ ಸರ್ವಿಸ್ ನಮಗೆ ಬಂದಾಗಲೆಲ್ಲ ಆರೂ ಜನ (ಮುಂದಿನ ಸಾಲಿನಲ್ಲಿ ಮೂವರು, ಹಿಂದಿನ ಸಾಲಿನಲ್ಲಿ ಮೂವರು) ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಒಂದೊಂದು ಜಾಗ ಸರಿಯಬೇಕು. ಎದುರಾಳಿ ಸರ್ವಿಸ್ ಹೊಡೆಯುವ ಕ್ಷಣಕ್ಕೆ ನಮ್ಮಲ್ಲಿ ಯಾರಾದರೂ ತಪ್ಪು ಜಾಗದಲ್ಲಿ ನಿಂತಿದ್ದರೆ ಪಾಯಿಂಟೂ ಅವರಿಗೆ, ಮುಂದಿನ ಸರ್ವಿಸೂ ಅವರಿಗೆ. ನೋಡಲು ಸುಲಭ ಅನ್ನಿಸುತ್ತದೆ. ಆದರೆ ಲಿಫ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು, ಹಿಂದಿನ ಸಾಲಿನಲ್ಲಿದ್ದಾಗ, ಸರ್ವಿಸ್ ಹೊಡೆಯುವವರ ಕೈ ಚೆಂಡಿಗೆ ತಾಗಿದ ಮರುಕ್ಷಣ ಅವಳು ನೆಟ್ ಹತ್ತಿರ ಓಡಬೇಕು, ಅವಳು ಬಿಟ್ಟ ಜಾಗವನ್ನು ಇನ್ನೊಬ್ಬಳು ಮುಚ್ಚಬೇಕು. ಆಡುವಾಗ ಇದನ್ನು ತಲೆಯಲ್ಲಿಟ್ಟುಕೊಳ್ಳುವುದಕ್ಕೆ ತಿಂಗಳುಗಟ್ಟಲೆ ಬೇಕು.

ಬೆಂಚಿನಲ್ಲಿರುವ ಎಂಟನೇ ಕ್ಲಾಸಿನವರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಆರು ಚೌಕ ಬರೆದು, ಎದುರಾಳಿ ತಂಡದ ಜರ್ಸಿ ನಂಬರ್ ತುಂಬಿಕೊಂಡಿರುತ್ತಾರೆ. ಪ್ರತಿ ಸಲ ಜಾಗ ಬದಲಾದಾಗ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾ ಹೋಗಬೇಕು. ಟೈಮ್ ಔಟ್ ಅಂದರೆ 30 ಸೆಕೆಂಡು, ಒಂದು ಸೆಟ್ಟಿಗೆ ಎರಡೇ. ಅಷ್ಟರಲ್ಲಿ ನಾನು ಮೊದಲು ಕೇಳುವುದು ಆ ಚಿಕ್ಕವರನ್ನೇ: “ಅವರ ಲಿಫ್ಟರ್ ಈಗ ಎಲ್ಲಿದ್ದಾಳೆ?” ಮುಂದಿನ ಸಾಲಿನಲ್ಲಿದ್ದರೆ ನೆಟ್ ಹತ್ತಿರ ಹೊಡೆಯುವವರು ಇಬ್ಬರೇ, ನೆಟ್ ಮೇಲೆ ಕೈ ಎತ್ತಿ ಚೆಂಡು ತಡೆಯುವ ನಮ್ಮ ಬ್ಲಾಕ್ ನಿಶ್ಚಿಂತೆಯಿಂದ ಜೋಡಿಯಾಗಿ ಏಳಬಹುದು. ಹಿಂದಿನ ಸಾಲಿನಲ್ಲಿದ್ದರೆ ಹೊಡೆಯುವವರು ಮೂವರು. ಸೀಸನ್ ಶುರುವಿನಲ್ಲಿ ಚೀಟಿ ನೋಡಿ ತಡವರಿಸುತ್ತಿದ್ದ ಹುಡುಗಿ ಕೊನೆಕೊನೆಗೆ ಚೀಟಿ ಜೇಬಿನಲ್ಲಿಟ್ಟುಕೊಂಡೇ ಉತ್ತರ ಹೇಳುತ್ತಿದ್ದಳು. ಮುಂದಿನ ವರ್ಷ ಅಂಗಳಕ್ಕೆ ಇಳಿದಾಗ ಅವಳಿಗೆ ನಾನು ಇದನ್ನು ಹೇಳಿಕೊಡಬೇಕಾಗಿಲ್ಲ.

ಇನ್ನು ಆಯ್ಕೆಯ ವಿಷಯ. ಹದಿಮೂರು ಹದಿನಾಲ್ಕರ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಕಣ್ಣು ತಾನಾಗಿ ಎತ್ತರದವರ ಮೇಲೆ ಹೋಗುತ್ತದೆ. ಅಲ್ಲಿಯೇ ಜಾಗ್ರತೆ ಬೇಕು. ಹುಡುಗಿಯರು ಅತಿ ಬೇಗ ಉದ್ದವಾಗುವುದು ಸುಮಾರು 12ರ ಆಸುಪಾಸಿನಲ್ಲಿ, ಹುಡುಗರು ಸುಮಾರು 14ರಲ್ಲಿ. ಅದರಲ್ಲೂ ಒಬ್ಬೊಬ್ಬರದು ಒಂದೊಂದು ಲೆಕ್ಕ. ಬೇಗ ಬೆಳೆದವಳು ಇವತ್ತು ನೆಟ್ ಮೇಲೆ ಕೈ ಚಾಚುತ್ತಾಳೆ, ತಡವಾಗಿ ಬೆಳೆಯುವವಳು ಎರಡು ವರ್ಷದಲ್ಲಿ ಅವಳನ್ನು ಮೀರಿಸಬಹುದು. ಹುಟ್ಟಿದ ತಿಂಗಳೂ ಆಟ ಆಡುತ್ತದೆ. 1980ರ ದಶಕದಲ್ಲಿ ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಲೆಕ್ಕ ಹಾಕಿದಾಗ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಎದ್ದು ಕಾಣುವಷ್ಟು ಹೆಚ್ಚಿದ್ದರು. ಅಲ್ಲಿ ವಯೋಮಿತಿಯ ಲೆಕ್ಕ ಜನವರಿಯಿಂದ ಶುರು. ಜನವರಿಯವನಿಗೂ ಡಿಸೆಂಬರಿನವನಿಗೂ ಹೆಚ್ಚುಕಮ್ಮಿ ಒಂದು ವರ್ಷದ ಅಂತರ, ಆದರೂ ಇಬ್ಬರೂ ಒಂದೇ ವಯೋಗುಂಪು. ದೊಡ್ಡವನು ಆಯ್ಕೆಯಾಗುತ್ತಾನೆ, ಆಯ್ಕೆಯಾದ್ದರಿಂದ ಅವನಿಗೇ ಹೆಚ್ಚು ಆಟ ಸಿಗುತ್ತದೆ, ಹೆಚ್ಚು ಆಡಿದ್ದರಿಂದ ನಿಜವಾಗಿಯೂ ಚೆನ್ನಾಗಿ ಆಡತೊಡಗುತ್ತಾನೆ. ಆಮೇಲೆ ಎಲ್ಲರೂ ಅದನ್ನು ಪ್ರತಿಭೆ ಅನ್ನುತ್ತಾರೆ.

ಮೈಕಲ್ ಜೋರ್ಡನ್ 1978ರಲ್ಲಿ ತಮ್ಮ ಹೈಸ್ಕೂಲಿನ ಮುಖ್ಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾಗಲಿಲ್ಲ, ಅವರದೇ ವಯಸ್ಸಿನ ಇನ್ನೂ ಎತ್ತರದ ಹುಡುಗನಿಗೆ ಜಾಗ ಸಿಕ್ಕಿತು ಅನ್ನುವುದನ್ನು ಎಲ್ಲರೂ ಛಲದ ಪಾಠವಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯ ಅನ್ನಿಸುವುದು ಬೇರೆಯದೇ. ಆ ಶಾಲೆಯಲ್ಲಿ ಕಿರಿಯರಿಗೂ ಒಂದು ತಂಡ ಇತ್ತು. ಹುಡುಗ ಜೋರ್ಡನ್ ಮನೆಗೆ ಹೋಗಿ ಕೂರಲಿಲ್ಲ, ಆ ತಂಡದಲ್ಲಿ ಪೂರ್ತಿ ಸೀಸನ್ ನಿಜವಾದ ಪಂದ್ಯಗಳನ್ನು ಆಡಿದ. ನಮ್ಮ ಶಾಲೆಗೆ ಎರಡು ತಂಡ ಕಟ್ಟುವಷ್ಟು ಮಕ್ಕಳಿಲ್ಲ. ಇರುವ ಒಂದೇ ತಂಡದಲ್ಲಿ ಎರಡು ಜಾಗವನ್ನಾದರೂ ಬಿಡಬಹುದಲ್ಲ?

ಒಂದು ವಿಷಯದಲ್ಲಿ ಮಾತ್ರ ನಾನು ಚಿಕ್ಕವರ ಮೇಲೆ ಬಿಗಿ. ಚುರುಕಾದ ಮಗು ಸಿಕ್ಕರೆ ಎಲ್ಲರಿಗೂ ಅವಳೇ ಬೇಕು: ವಾಲಿಬಾಲ್‌ಗೂ ಅವಳೇ, ಲಾಂಗ್ ಜಂಪ್‌ಗೂ ಅವಳೇ, ರಿಲೇಗೂ ಅವಳೇ. ಬೆಳೆಯುವ ವಯಸ್ಸಿನಲ್ಲಿ ಜಿಗಿತ ಹೆಚ್ಚಾದರೆ ಮಂಡಿಚಿಪ್ಪಿನ ಕೆಳಗೆ, ಸ್ನಾಯು ಮೂಳೆಗೆ ಕೂಡುವ ಜಾಗದಲ್ಲಿ ನೋವು, ಊತ ಬರುತ್ತದೆ. ಮುಟ್ಟಿದರೂ ಚುರುಕ್ ಅನ್ನುತ್ತದೆ. ಮಕ್ಕಳು ಹೇಳುವುದಿಲ್ಲ, ತಂಡದಿಂದ ತೆಗೆದುಬಿಡುತ್ತಾರೆ ಅಂತ ಭಯ. ಮೆಟ್ಟಿಲು ಇಳಿಯುವುದನ್ನು ನೋಡಿದರೆ ಗೊತ್ತಾಗುತ್ತದೆ. ಎಂಟನೆಯವರಿಗೆ ನನ್ನಲ್ಲಿ ಎರಡಕ್ಕಿಂತ ಹೆಚ್ಚು ಸ್ಪರ್ಧೆ ಇಲ್ಲ, ಯಾರು ಬಂದು ಕೇಳಿದರೂ ಇಲ್ಲ.

ಈಗ ರಿಲೇ. ನನಗೆ ತುಂಬಾ ಇಷ್ಟವಾದದ್ದು ಇದೇ, ಯಾಕೆಂದರೆ ಕಮ್ಮಿ ವೇಗದವರು ಹೆಚ್ಚು ವೇಗದವರನ್ನು ನ್ಯಾಯವಾಗಿ ಸೋಲಿಸಬಹುದಾದ ಓಟ ಇದೊಂದೇ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಜಪಾನಿನ ಪುರುಷರು ನಾಲ್ವರು ತಲಾ 100 ಮೀಟರ್ ಓಡುವ 4x100 ರಿಲೇಯಲ್ಲಿ 37.60 ಸೆಕೆಂಡಿನಲ್ಲಿ ಬೆಳ್ಳಿ ಗೆದ್ದರು. ಆಗ ಆ ನಾಲ್ವರಲ್ಲಿ ಒಬ್ಬರೂ 100 ಮೀಟರನ್ನು 10 ಸೆಕೆಂಡಿನ ಒಳಗೆ ಓಡಿದವರಲ್ಲ. ಬ್ಯಾಟನ್ (ಒಬ್ಬರು ಇನ್ನೊಬ್ಬರ ಕೈಗೆ ಕೊಡುವ ಕೋಲು) ಬದಲಾಯಿಸುವುದನ್ನು ಅವರು ಅಷ್ಟು ತಿದ್ದಿಕೊಂಡಿದ್ದರು. ಅದಕ್ಕೂ ಮೊದಲು, 2008ರ ಬೀಜಿಂಗ್‌ನಲ್ಲಿ, ಅಮೆರಿಕದ ಪುರುಷರ ತಂಡವೂ ಮಹಿಳೆಯರ ತಂಡವೂ ಫೈನಲ್‌ಗೆ ಮೊದಲೇ ಬ್ಯಾಟನ್ ಬೀಳಿಸಿ ಹೊರಬಿದ್ದಿದ್ದವು.

ನಮ್ಮ ತಂಡದಲ್ಲಿ ಇಬ್ಬರು ಹತ್ತನೆಯವರು, ಒಬ್ಬಳು ಒಂಬತ್ತು, ಒಬ್ಬಳು ಎಂಟು. ವಾಲಿಬಾಲ್ ಪಟ್ಟಿಯಿಂದ ಹೊರಗುಳಿದ ಆ ಹುಡುಗಿಗೆ ಮೂರನೇ ಓಟ ಕೊಟ್ಟೆ. ಮೂರನೆಯದು ತಿರುವಿನ ಓಟ. ತೆಗೆದುಕೊಳ್ಳುವುದೂ ಅವಳೇ, ಕೊಡುವುದೂ ಅವಳೇ, ಎರಡೂ ಚೊಕ್ಕಟವಾಗಿರಬೇಕು. ಅವಳು ಬ್ಯಾಟನ್ ಕೊಡಬೇಕಾದ್ದು ಎಂಟನೇ ಕ್ಲಾಸಿನ ಹುಡುಗಿಗೆ. ಆ ಇಬ್ಬರಿಗೂ ಸಂಜೆ ಅದೊಂದೇ ಕೆಲಸ. ಬದಲಾವಣೆಯ ವಲಯ 30 ಮೀಟರ್. ಲೆಕ್ಕಕ್ಕೆ ಬರುವುದು ಬ್ಯಾಟನ್ ಎಲ್ಲಿದೆ ಅನ್ನುವುದು, ಓಟಗಾರ್ತಿಯರ ಕಾಲಲ್ಲ. ವಲಯದ ಹಿಂದೆ ಪಾದ ಅಳೆದು ನೆಲಕ್ಕೆ ಟೇಪ್ ಹಚ್ಚುತ್ತಾರೆ. ಬರುವವಳ ಕಾಲು ಟೇಪ್ ದಾಟಿದ ತಕ್ಷಣ ನಿಂತವಳು ತಿರುಗಿ ನೋಡದೆ ಓಡಬೇಕು. “ಕೈ!” ಅಂತ ಕೂಗು ಕೇಳಿದಾಗ ಕೈ ಹಿಂದೆ ಚಾಚಬೇಕು, ಹೆಬ್ಬೆರಳು ಅಗಲಿಸಿ, ಅಂಗೈ ಅಲುಗಿಸದೆ.

ಚಿಕ್ಕವಳಿಗೆ ತಿರುಗಿ ನೋಡುವ ಚಟ. ಬೈದರೆ ಹೋಗುವಂಥದ್ದಲ್ಲ ಅದು, ಕೊಡುವವಳ ಮೇಲೆ ನಂಬಿಕೆ ಬಂದರೆ ಮಾತ್ರ ಹೋಗುತ್ತದೆ. ದೊಡ್ಡವಳು ಒಂದು ಉಪಾಯ ಮಾಡಿದಳು. ಓಡದೆ, ಇಬ್ಬರೂ ನಡೆಯುತ್ತಾ, ಬರೀ “ಕೈ” ಅಂದು ಬ್ಯಾಟನ್ ಅಂಗೈಗೆ ಒತ್ತುವುದು. ಆಮೇಲೆ ನಿಧಾನ ಓಟ. ಆಮೇಲೆ ಪೂರ್ತಿ ವೇಗ. ನಾನು ಹೇಳಿಕೊಟ್ಟಿದ್ದಲ್ಲ, ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಅವಳ ಸೀನಿಯರ್ ಹೀಗೇ ಮಾಡಿಸಿದ್ದಳಂತೆ. ಆ ಸೀನಿಯರ್ ಈಗ ಎಲ್ಲಿದ್ದಾಳೋ, ಅವಳ ಅಭ್ಯಾಸ ನಮ್ಮ ಅಂಗಳದಲ್ಲೇ ಉಳಿದಿದೆ. ರಿಲೇಯಲ್ಲಿ ನಾವು ಎರಡನೇ ಸ್ಥಾನ ಬಂದೆವು. ಮೂರನೇ ಬದಲಾವಣೆ ನಮ್ಮ ಅತ್ಯುತ್ತಮ ಬದಲಾವಣೆ. ಅವತ್ತು ಆ ತಂದೆಯೂ ಬಂದಿದ್ದರು, ಟ್ರ್ಯಾಕಿನ ಪಕ್ಕ ನಿಂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರು.

ವಾಲಿಬಾಲ್ ಸೆಮಿಫೈನಲ್ ಮೂರನೇ ಸೆಟ್ಟಿಗೆ ಹೋಯಿತು. ಕೊನೆಯ ಸೆಟ್ 15 ಪಾಯಿಂಟಿನದು, ನಾವು 11-13ರಲ್ಲಿ ಹಿಂದೆ. ಸರ್ವಿಸ್ ನಮ್ಮದು. ಹೊಡೆಯಬೇಕಾದವಳು ನಮ್ಮ ಅತಿ ಎತ್ತರದ ಹುಡುಗಿ. ನೆಟ್ ಹತ್ತಿರ ಹುಲಿ, ಆದರೆ ಅವತ್ತು ಅವಳ ಸರ್ವಿಸ್ ಅಂಗಳದೊಳಗೆ ಬೀಳುತ್ತಿರಲಿಲ್ಲ. ಅವಳನ್ನು ಕರೆದು ಎಂಟನೇ ಕ್ಲಾಸಿನವಳನ್ನು ಕಳಿಸಿದೆ. ಈ ಹುಡುಗಿಯ ಫ್ಲೋಟ್ ಸರ್ವಿಸ್ ಚೆನ್ನಾಗಿದೆ: ಮಣಿಕಟ್ಟು ಬಿಗಿ ಹಿಡಿದು ಚೆಂಡಿನ ನಡುಮಧ್ಯಕ್ಕೆ ಚಿಕ್ಕ ಪೆಟ್ಟು, ಚೆಂಡು ತಿರುಗುವುದಿಲ್ಲ, ಗಾಳಿಯಲ್ಲಿ ಅಲ್ಲಾಡುತ್ತಾ ಹೋಗಿ ದಿಕ್ಕು ತಪ್ಪಿಸುತ್ತದೆ.

ರೆಫರಿ ಸೀಟಿ ಊದಿದ ಮೇಲೆ ಹೊಡೆಯಲು 8 ಸೆಕೆಂಡು. ಚಿಕ್ಕವರು ಗಾಬರಿಯಲ್ಲಿ ತಕ್ಷಣ ಹೊಡೆದುಬಿಡುತ್ತಾರೆ. ಇವಳು ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದಳು, ವಾಲ್ವ್ ತನ್ನ ಕಡೆ ಬರುವ ಹಾಗೆ ತಿರುಗಿಸಿಕೊಂಡಳು, ಉಸಿರು ಬಿಟ್ಟಳು, ಹೊಡೆದಳು. ಎದುರಿನ ಇಬ್ಬರು ‘ನಿನ್ನದು, ನಿನ್ನದು’ ಅಂದುಕೊಂಡು ಇಬ್ಬರೂ ನಿಂತರು. 12-13. ಎರಡನೆಯದನ್ನು ಅವರು ಎತ್ತಿದರು, ಆದರೆ ಚೆಂಡು ಲಿಫ್ಟರ್ ಕೈಗೆ ಸಿಗಲಿಲ್ಲ, ನಮ್ಮ ಕಡೆಗೆ ಸುಮ್ಮನೆ ಬಂತು, ನಮ್ಮ ಕ್ಯಾಪ್ಟನ್ ಸ್ಮ್ಯಾಶ್ ಮಾಡಿದಳು. 13-13. ಮೂರನೆಯದು ನೆಟ್‌ಗೆ ಬಡಿಯಿತು. 13-14.

ಹೊರಗೆ ಹೋದವಳು ಅವಳ ಜಾಗಕ್ಕೇ ವಾಪಸ್ ಬಂದಳು. ಮುಂದಿನ ರ‍್ಯಾಲಿ ತುಂಬಾ ಉದ್ದ ನಡೆಯಿತು, ಅವರು ಗೆದ್ದರು. 13-15.

ಎಂಟನೆಯವಳು ಅಳುತ್ತಿದ್ದಳು. ಕ್ಯಾಪ್ಟನ್‌ಗೂ ಅಳು ಬಂದಿತ್ತು. ಹತ್ತನೇ ಕ್ಲಾಸು, ಅವಳ ಕೊನೆಯ ಪಂದ್ಯ ಅದು. ಆದರೂ ಬಂದು ಪಕ್ಕದಲ್ಲಿ ಕೂತು ಹೇಳಿದ ಮಾತು ನನ್ನ ಕಿವಿಗೆ ಬಿತ್ತು: “ಮೂರನೇದ್ರಲ್ಲಿ ನಿನ್ನ ಟಾಸ್ ತಲೆ ಹಿಂದಕ್ಕೆ ಹೋಯ್ತು ಕಣೇ. ಭುಜದ ಮುಂದಕ್ಕೆ ಹಾಕು.” ನಾನು ಹೇಳಬೇಕು ಅಂದುಕೊಂಡಿದ್ದೂ ಅದನ್ನೇ. ಅವಳು ಹೇಳಿದ್ದು ಹೆಚ್ಚು ನಾಟಿತು.

ಈಗ ಅಭ್ಯಾಸ ಮತ್ತೆ ಶುರುವಾಗಿದೆ. ಆರು ಜನ ಹೊರಟಿದ್ದಾರೆ, ಅದರಲ್ಲಿ ಲಿಫ್ಟರ್ ಹೋಗಿರುವುದು ದೊಡ್ಡ ನಷ್ಟ. ಲಿಫ್ಟರ್ ಬೆರಳು ಒಂದು ಸೀಸನ್ನಿನಲ್ಲಿ ಪಳಗುವುದಿಲ್ಲ. ಒಂಬತ್ತನೆಯ ಹುಡುಗಿಯೊಬ್ಬಳನ್ನು ಗೋಡೆಗೆ ಚೆಂಡು ಎತ್ತಲು ಹಚ್ಚಿದ್ದೇನೆ. ಹೊಸ ಎಂಟನೆಯವರ ಪೈಕಿ ಎಡಗೈಯವಳೊಬ್ಬಳು ಕಾಣಿಸಿದ್ದಾಳೆ, ಸಣ್ಣ ಆಳು, ತೋಳು ಮಾತ್ರ ಚಾಟಿಯ ಹಾಗೆ ಬೀಸುತ್ತದೆ. ನೆಟ್‌ನ ಬಲಬದಿಯಿಂದ ಹೊಡೆಯಲು ಎಡಗೈಯವರು ಸಿಗುವುದು ಅಪರೂಪ. ಹನ್ನೆರಡರಲ್ಲಿ ಒಂದು ಹೆಸರು ಅವಳದ್ದು ಅಂತ ಆಗಲೇ ಬರೆದುಕೊಂಡಿದ್ದೇನೆ. ಇನ್ನೊಂದಕ್ಕೆ ಶನಿವಾರ ಟ್ರಯಲ್ಸ್.